ಜರಡಿ ಕಳೆದ ಮೇಲಿನ ಬೀಗ

ಸ್ಟೇಷನ್ ರಸ್ತೆಯ ನಮ್ಮ ಕ್ರೈಸ್ತ ಸಭೆಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಅದನ್ನು ಎರಡು ಕಾಲಗಳಾಗಿ ವಿಂಗಡಿಸಬೇಕಾಗುತ್ತದೆ: ಚಹಾ ಸೋಸುವ ಜರಡಿ ಕಳೆಯುವ ಮುಂಚಿನದು, ಕಳೆದ ಮೇಲಿನದು. ದೇವಾಲಯಕ್ಕೆ ಅಸ್ತಿವಾರ ಹಾಕಿದ್ದು, ಗೋಪುರಕ್ಕೆ ಗಂಟೆ ಏರಿಸಿದ್ದು ಎಲ್ಲ ಅದರ ಮುಂದೆ ಸಣ್ಣ ಮಾತು. ನಾನು ಎರಡನೆಯ ಕಾಲಕ್ಕೆ ಸೇರಿದವನು.

ನಾನು ಒಂದು ಬೀಗ. ಅನುಮಾನ ನನ್ನ ಕಸುಬು. ಉತ್ತರದ ಯಾವುದೋ ಊರಿನ ಇಕ್ಕಟ್ಟಾದ ಗಲ್ಲಿಯಲ್ಲಿ ಹಿತ್ತಾಳೆಯಿಂದ ಹುಟ್ಟಿದೆ. ಹುಟ್ಟಿದ ಗಳಿಗೆಯಲ್ಲೇ ನನ್ನ ಬಾಯಿ ಮುಚ್ಚಿಸಿ, ಮುಚ್ಚಿತೋ ಇಲ್ಲವೋ ಎಂದು ಎಳೆದು ನೋಡಿದರು. ಬೀಗದ ಬಾಳೇ ಹಾಗೆ. ನಂಬುವವರು ಅದನ್ನು ಕೊಳ್ಳುವುದಿಲ್ಲ, ಕೊಂಡವರು ಅದನ್ನು ನಂಬುವುದಿಲ್ಲ. ನನ್ನ ಮೊದಲ ಯಜಮಾನ ಗದಗಿನ ಚುರುಮುರಿ ವ್ಯಾಪಾರಿ ಸಂಗಪ್ಪ. ಅಂಗಡಿ ಮುಚ್ಚಿ ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ನನ್ನನ್ನು ಜಗ್ಗಿ ನೋಡಿ ಮನೆಗೆ ಹೋಗುವನು. ಅಂಗಡಿಗೆ ಶಟರ್ ಬಂದ ಮೇಲೆ ನನ್ನನ್ನು ಗಿರಾಕಿಯೊಬ್ಬರಿಗೆ ಕೊಟ್ಟುಬಿಟ್ಟ.

ಆ ಗಿರಾಕಿ ಸುವಾರ್ತಬಾಯಿ. ಶಾಲೆಯಿಂದ ನಿವೃತ್ತರಾದ ಶಿಕ್ಷಕಿ. ಸಭೆಗೆಲ್ಲ ಅವರು 'ಅಕ್ಕೋರು'. ದೇವಾಲಯದ ಹಿಂದಿನ ಖೋಲಿಯ ಕಪಾಟಿನಿಂದ ಜರಡಿ ಮಾಯವಾದ ವಾರ ಅವರು ನನ್ನನ್ನು ಆ ಕಪಾಟಿಗೆ ಹಾಕಿದರು. ಚಹಾದ ಪಾತ್ರೆ, ಹಾಡಿನ ಪುಸ್ತಕ, ಭಾನುವಾರದ ಶಾಲೆಯ ಬಣ್ಣದ ಡಬ್ಬಿ ಎಲ್ಲ ನನ್ನ ವಶಕ್ಕೆ ಬಂದವು. ನನ್ನ ಬೀಗದಕೈ ಅವರ ಸೆರಗಿನ ಗಂಟಿಗೆ ಹೋಯಿತು.

ಒಂದು ಮಾತು ಹೇಳಲೇಬೇಕು: ಅವರ ಭಕ್ತಿ ಸುಳ್ಳಲ್ಲ. ಮೊದಮೊದಲು ಬೆಂಚು ಒರೆಸುತ್ತಾ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಕಸ, ಚಹಾ, ಮಕ್ಕಳ ಪಾಠ, ಹಾಡಿನ ತಂಡ, ರೋಗಿಗಳ ಭೇಟಿ, ಎಲ್ಲವೂ ಅವರೇ. ಕ್ರಮೇಣ ಹಾಡು ನಿಂತಿತು. ಕಸಬರಿಗೆಯ ಸದ್ದು ಮಾತ್ರ ಉಳಿಯಿತು, ಅದೂ ಯಾರನ್ನೋ ಹೊಡೆದಂತೆ.

ಬೀಗದಕೈ ಊರೆಲ್ಲ ತಿರುಗಿ ಬಂದು ನನಗೆ ವರದಿ ಒಪ್ಪಿಸುತ್ತಿತ್ತು. ರೋಗಿಯ ಹಣೆಯ ಮೇಲೆ ಅಕ್ಕೋರ ಕೈ. ಅವರ ಕಣ್ಣು ಆ ಮನೆಯ ಚಹಾ ಜರಡಿಯ ಮೇಲೆ. ಪ್ರಾರ್ಥನೆ ಮುಗಿಸಿ 'ಆಮೆನ್' ಅಂದ ಬೆನ್ನಿಗೇ, "ಈ ಜರಡಿ ಎಲ್ಲಿ ತೊಗೊಂಡ್ರಿ?" ಎಂದು ಕೇಳುವರು.

ಬುಧವಾರದ ಕೂಟದಲ್ಲಿ ಮಾತ್ರ ಅವರದು ಒಂದೇ ಮೊರೆ: "ಕರ್ತನೇ, ನಿನ್ನ ಸೇವೆಗೆ ಕೈಗಳನ್ನ ಕಳಿಸು." ಹಾಗೆ ಬೇಡುವಾಗ ಅವರ ಕೈ ಸೆರಗಿನ ಗಂಟನ್ನು ಭದ್ರವಾಗಿ ಹಿಡಿದಿರುತ್ತಿತ್ತು. ದೇವರಾದರೂ ಏನು ಮಾಡಬೇಕು? ಕೈಗಳನ್ನು ಕಳಿಸಿದ. ಹೊಸದಾಗಿ ಮದುವೆಯಾಗಿ ಬಂದ ಶುಭವತಿ ಭಾನುವಾರ ಬೇಗ ಬಂದು ನನ್ನೆದುರು ನಿಂತಳು.

"ಅಕ್ಕೋರೆ, ಇವತ್ತ ಚಾ ನಾ ಮಾಡ್ಲೇನ್ರಿ?"

"ಇರ್ಲಿ ಬಿಡವಾ. ನಿನಗ ಎಷ್ಟ ನೀರು, ಎಷ್ಟ ಸಕ್ರಿ ಗೊತ್ತಾಗಂಗಿಲ್ಲ."

"ಕಲಿಸಿದ್ರ ಗೊತ್ತಾಗ್ತದರಿ."

"ಕಲಿಸಾಕ ನನಗ ಪುರಸೊತ್ತರ ಎಲ್ಲೈತಿ?"

ಅಕ್ಕೋರು ಅತ್ತ ಹೋದ ಮೇಲೆ ಶುಭವತಿ ತನ್ನ ಅತ್ತೆಗೆ ಅಂದಳು: "ಬುಧವಾರ ಆಳು ಕಳಸು ಅಂತ ದೇವರನ್ನ ಕೇಳ್ತಾರ. ಭಾನುವಾರ ಬಂದ ಆಳಿಗೆ ಕೀಲಿ ತೋರಸ್ತಾರ." ನನಗೆ ಅವಳ ಮೇಲೂ ಅನುಮಾನವಿತ್ತು. ಅಷ್ಟು ಚುರುಕು ನಾಲಗೆಯವಳ ಮನೆಯಲ್ಲೇ ಜರಡಿ ಇರಬೇಕು ಅಂದುಕೊಂಡೆ.

ಸುಗ್ಗಿ ಹಬ್ಬದ ವಾರ ಅಕ್ಕೋರು ಮಕ್ಕಳಿಗೆ ಪಾಠ ಹೇಳುತ್ತಲೇ ತಲೆತಿರುಗಿ ಬಿದ್ದರು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡಿ ಎಂದರು. ಸಭಾಪಾಲಕ ಸುಕುಮಾರ ಅಯ್ಯನವರು ಮನೆಗೆ ಹೋಗಿ ಬೀಗದಕೈ ಕೇಳಿದರು.

"ಹಬ್ಬಕ್ಕ ನಾನs ಬರ್ತೀನ್ರಿ, ಅಯ್ಯನೋರೆ."

"ಅಕ್ಕೋರೆ, ಜಗತ್ತ ಮಾಡಿದ ದೇವರs ಏಳನೇ ದಿನ ಸುಮ್ಮನ ಕುಂತ."

"ಅವನ ಜರಡಿ ಕಳದಿದ್ದಿಲ್ಲ."

ಅಯ್ಯನವರು ಬರಿಗೈಯಲ್ಲಿ ಬಂದರು. ಹಬ್ಬದ ಬೆಳಗ್ಗೆ ಶುಭವತಿ ಚಾಕುವಿನ ತುದಿಯಿಂದ ನನ್ನನ್ನು ಸಿಕ್ಕಿಸಿದ್ದ ಕೊಂಡಿಯ ಸ್ಕ್ರೂ ತಿರುಗಿಸಿದಳು. ಜಂಗು ಹಿಡಿದ ಸ್ಕ್ರೂ ಬಿಡಲೊಲ್ಲದು. ಅವಳು ಕಾಲು ಕೊಟ್ಟು ಒದ್ದ ರಭಸಕ್ಕೆ ಕೊಂಡಿ ಕಿತ್ತು ಬಂತು; ಕಪಾಟು ಅಲುಗಾಡಿ, ಹಿಂದೆ ಏನೋ ಠಣ್ ಎಂದು ಬಿತ್ತು. ಜರಡಿ. ಕಪಾಟಿಗೂ ಗೋಡೆಗೂ ನಡುವೆ ಇಷ್ಟು ಕಾಲ ಸಿಕ್ಕಿಕೊಂಡಿತ್ತು. ಯಾರೂ ಕದಿಯದ ವಸ್ತುವಿನ ಹೆಸರಿನಲ್ಲಿ ನಾನು ಕಾವಲಿದ್ದೆ.

ಆರಾಧನೆ ಮುಗಿದ ಮೇಲೆ ಅವಳು ಥರ್ಮಾಸಿನಲ್ಲಿ ಚಹಾ, ಕೈಯಲ್ಲಿ ಜರಡಿ ಹಿಡಿದು ಅಕ್ಕೋರ ಮನೆಗೆ ಹೋದಳು. ಮುಂದಿನದು ಬೀಗದಕೈ ಹೇಳಿದ್ದು. ಅಕ್ಕೋರು ಚಹಾ ನೋಡಲಿಲ್ಲ.

"ಯಾರ ಮನ್ಯಾಗ ಸಿಕ್ತು?"

"ಕಪಾಟಿನ ಹಿಂದರಿ. ನಮ್ಮ ಸಭಾದಾಗ ವಿಶ್ರಾಂತಿ ತೊಗೊಂಡದ್ದು ಅದೊಂದs ನೋಡ್ರಿ."

ಅಕ್ಕೋರು ಗೋಡೆಯ ಕಡೆ ಮುಖ ಮಾಡಿದರು. ಹೆಗಲು ಅಲುಗಿತು; ಅಳುತ್ತಿದ್ದಾರೆಂದು ಶುಭವತಿ ಹೆದರಿದಳು. ನಗುತ್ತಿದ್ದರು. ನಕ್ಕು ಕೆಮ್ಮಿ, ಕೊನೆಗೆ ಸೆರಗಿನ ಗಂಟಿಗೆ ಕೈ ಹಾಕಿದರು. ಬಿಚ್ಚಿ ಅಭ್ಯಾಸವಿಲ್ಲದ ಗಂಟು, ಹಲ್ಲಿನಿಂದ ಬಿಡಿಸಬೇಕಾಯಿತು.

ಈಗ ನಾನು ಕಪಾಟಿಗೆ ತೂಗುತ್ತಿಲ್ಲ. ಫ್ಯಾನಿನ ಗಾಳಿಗೆ ಹಾಡಿನ ಹಾಳೆಗಳು ಹಾರದಂತೆ ಅವುಗಳ ಮೇಲೆ ಕೂರುವುದು ನನ್ನ ಕೆಲಸ. ಕೂತಲ್ಲೇ ಯೋಚಿಸುತ್ತೇನೆ: ಅಕ್ಕೋರನ್ನು ದಣಿಸಿದ್ದು ಸೇವೆಯೋ, ಕಾವಲೋ? ಕಾವಲು ಎಂದೇ ನನ್ನ ಅನುಮಾನ, ಮತ್ತು ಅದರಲ್ಲಿ ನನ್ನದೂ ಪಾಲಿದೆ. ಅವರೀಗ ಮಕ್ಕಳ ಪಾಠವೊಂದನ್ನೇ ಇಟ್ಟುಕೊಂಡಿದ್ದಾರೆ. ಪಾಠ ಮುಗಿಸಿ ಬೆಂಚಿನ ಮೇಲೆ ಕೂತು ಮೆಲ್ಲಗೆ ಹಾಡಿಕೊಳ್ಳುತ್ತಾರೆ.

ಚಹಾ ಶುಭವತಿ ಮಾಡುತ್ತಾಳೆ. ಸಕ್ಕರೆ ಹೆಚ್ಚಾಗಿರುತ್ತದೆ. ಅಕ್ಕೋರು ಕುಡಿಯುತ್ತಾರೆ.