ಗೂಬೆಯ ಮುಂದೆ ಮಾತಿಲ್ಲ

ಚಿಮಟದಲ್ಲಿ ಹಿಡಿದಿದ್ದ ಇಲಿಯ ತುಂಡನ್ನು ಗೂಬೆಮರಿ ಗಬಕ್ಕನೆ ನುಂಗಿತು. ಅವಳು ಇನ್ನೊಂದು ತುಂಡು ಎತ್ತಿಕೊಂಡಳು. ಗಂಡ ಪಕ್ಕದಲ್ಲೇ ಬಟ್ಟಲು ತೊಳೆಯುತ್ತಿದ್ದ. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಮನುಷ್ಯರ ದನಿಗೆ ಒಗ್ಗಿದ ಮರಿ ಮತ್ತೆ ಕಾಡಿನಲ್ಲಿ ಬಾಳುವುದಿಲ್ಲವೆಂದು ಆರೈಕೆ ಕೇಂದ್ರದ ಆ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ. ಮನೆಯಲ್ಲಿ ಗೂಬೆ ಇರಲಿಲ್ಲ. ನಿಯಮ ಮಾತ್ರ ಅಲ್ಲೂ ಜಾರಿಯಲ್ಲಿತ್ತು.

ಅವಳ ಆರೈಕೆಯಲ್ಲಿದ್ದ ಅಳಿಲುಮರಿಗಳು ಸತ್ತಂದಿನಿಂದ ಹೀಗೆ. ಅವುಗಳ ಕೋಣೆ ಒರೆಸುವಾಗ ವಾಸನೆಯೆಂದು ಕಿಟಕಿ ತೆರೆದವನು ಗಂಡ, ಮುಚ್ಚಲು ಮರೆತವನೂ ಅವನೇ. ಬೆಕ್ಕು ಒಂದು ಮರಿಯನ್ನೂ ಉಳಿಸಲಿಲ್ಲ. ಕೇಂದ್ರ ನಡೆಸುವ ಡಾಕ್ಟರು ವಿಚಾರಿಸಿದಾಗ, "ಕೋಣೆ ಕೀ ಅವಳ ಹತ್ರ ಇರುತ್ತೆ ಸಾರ್" ಅಂದುಬಿಟ್ಟ. ಸುಳ್ಳೇನಲ್ಲ. ಆದರೆ ಬೆಕ್ಕಿಗೆ ಕೀ ಬೇಕಿರಲಿಲ್ಲ.

ಮರಿಗಳ ಕೋಣೆ ಅವಳ ಕೈತಪ್ಪಿತು. ಕೆಲ ವಾರಗಳ ಮೇಲೆ ಗೂಬೆಮರಿ ಬಂದಾಗ ಡಾಕ್ಟರು ಇಬ್ಬರನ್ನೂ ಕರೆದು, "ಗಂಡನ ಜೊತೆ ಸೇರಿ ನೋಡ್ಕೊಳ್ಳಮ್ಮ" ಎಂದರು.

"ನನ್ನ ಮೇಲೆ ಆಗಲೇ ಒಂದು ಗೂಬೆ ಕೂರಿಸಿದ್ದಾರೆ ಸಾರ್. ಇದನ್ನಾದ್ರೂ ಅವರ ಮೇಲೆ ಕೂರಿಸಿ."

ಡಾಕ್ಟರಿಗೆ ನಗು ಬಂತು, ಅರ್ಥವಾಗಲಿಲ್ಲ. ಗಂಡನಿಗೆ ಅರ್ಥವಾಯಿತು, ನಗು ಬರಲಿಲ್ಲ.

ಗೂಬೆಯನ್ನು ಬಿಟ್ಟ ಮೇಲೆ ಅಕ್ಕನ ಊರಿಗೆ ಹೋಗಿ ಅಲ್ಲೇ ಕೆಲಸ ಹುಡುಕುತ್ತೇನೆಂದು ಅವಳು ಡಾಕ್ಟರಿಗೆ ಹೇಳಿದ್ದನ್ನು ಗಂಡ ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದ. ಕೋಣೆಯಲ್ಲಿ ಅವನು ಬಾಯಿ ತೆರೆದರೆ ಅವಳು ಗೂಬೆಯತ್ತ ಬೆರಳು ತೋರಿಸುತ್ತಿದ್ದಳು. ಮನೆಯಲ್ಲಾದರೆ ಮಿಕ್ಸಿ ಹಾಕುತ್ತಿದ್ದಳು.

ಬಿಡುವ ದಿನ ಸಂಜೆ, ಕೇಂದ್ರದ ಹಿಂದಿನ ಮರಗಳ ಬಳಿ ಡಾಕ್ಟರು ಪಂಜರದ ಬಾಗಿಲು ತೆಗೆದರು. ಗೂಬೆ ಬಾಗಿಲಿಗೆ ಬಂದು ಕೂತು ಒಬ್ಬೊಬ್ಬರನ್ನೇ ದಿಟ್ಟಿಸಿತು. ಆಮೇಲೆ ಸದ್ದಿಲ್ಲದೆ ಹಾರಿ ಹೋಯಿತು. ಅವಳು ಬೆಂಚಿನ ಮೇಲಿಂದ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಕಿಟಕಿ ಹಾಕೋಕೆ ಮರೆತಿದ್ದು ನಾನು ಕಣೇ" ಎಂದ ಗಂಡ. ಬಹಳ ದಿನದ ಮೇಲೆ ಆಡಿದ್ದಕ್ಕೋ ಏನೋ, ದನಿ ಒಡೆದಿತ್ತು.

"ನಂಗೆ ಗೊತ್ತಿರೋದನ್ನ ನಂಗೇ ಹೇಳ್ತೀರಲ್ರೀ. ಡಾಕ್ಟ್ರು ಅಲ್ಲಿದ್ದಾರೆ."

ಅವನಿಗೆ ನಾಚಿಕೆಯಾಯಿತು. ಆದರೂ ಹೋದ. ಏನು ಹೇಳುತ್ತಿದ್ದಾನೆಂದು ಅಲ್ಲಿಂದ ಅವಳಿಗೆ ಕೇಳಿಸಲಿಲ್ಲ. ಡಾಕ್ಟರು ಖಾಲಿ ಪಂಜರವನ್ನು ನೆಲಕ್ಕಿಟ್ಟು, ಅವನನ್ನು ಬಿಟ್ಟು, ಅವಳಿದ್ದ ಕಡೆ ನಡೆದುಬರತೊಡಗಿದರು.

ಅವಳು ಚೀಲ ಇಳಿಸದೆ ಕಾದು ನಿಂತಳು.