ಮೈಲಾರಿಯ ಹಣೆಗೆ ಬಡಿದ ಡಸ್ಟರು ನಾನು

ನಾನು ಒಂದು ಡಸ್ಟರು. ಕಪ್ಪುಹಲಗೆ ಒರೆಸುವ ಡಸ್ಟರು. ನಗಬೇಡಿ. ನಾನು ನುಂಗಿದಷ್ಟು ಗಣಿತವನ್ನು ಯಾವ ಪ್ರೊಫೆಸರೂ ನುಂಗಿಲ್ಲ. ಪರೀಕ್ಷೆಯ ಮರುದಿನ ಮರೆಯುವ ಚಾಳಿಯೂ ನನಗಿಲ್ಲ.

ನಾನು ಹುಟ್ಟಿದ್ದು ಹಾವೇರಿಯ ಒಬ್ಬ ಬಡಗಿಯ ಅಂಗಡಿಯಲ್ಲಿ. ಮಂಚ ಮಾಡಿ ಉಳಿದ ಬೇವಿನ ತುಂಡು ನನ್ನ ಬೆನ್ನಾಯಿತು. ಯಾರೋ ಕುರಿಗಾರರು ಹೊದ್ದು ಸವೆಸಿದ ಕಂಬಳಿಯ ಚೂರು ನನ್ನ ಹೊಟ್ಟೆಯಾಯಿತು. ಬಡಗಿ ನಾಲ್ಕು ಮೊಳೆ ಹೊಡೆದು, ಧೂಳು ಊದಿ, "ಹೋಗು, ಸಾಲಿ ಕಲಿ" ಎಂದ. ಕಲಿಯುವ ಹುರುಪಿನಲ್ಲೇ ಹೋದೆ.

ನನ್ನನ್ನು ಮೊದಲು ಹಿಡಿದ ಕೈ ಸಂಗಾಪುರ ಮಾಸ್ತರದು. ಒರೆಸುವುದಕ್ಕಿಂತ ಮೇಜು ಕುಟ್ಟುವುದಕ್ಕೇ ಅವರಿಗೆ ನಾನು ಹೆಚ್ಚು ಬೇಕಾಗುತ್ತಿದ್ದೆ. ಒಂದು ದಿನ ಎಂಟನೇ ಇಯತ್ತೆಯಲ್ಲಿ ಮೂರನೇ ಬೆಂಚಿನ ಮೈಲಾರಿ ಎದ್ದು ನಿಂತ.

"ಸರ, ಮೈನಸ್ಸಿಗೆ ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗತೈತ್ರೀ?"

"ಆಗತೈತಿ. ಬರಕೋ."

"ಬರಕೊಂಡೇನ್ರೀ. ಯಾಕ ಅಂತ ಕೇಳಿದೆ."

"ಯಾಕ ಬೇಕೇನ್ಲೇ? ತಗೋ ಯಾಕ!"

ನಾನು ಹಾರಿದೆ. ಜೀವಮಾನದಲ್ಲಿ ಹಾರಿದ್ದು ಅದೊಂದೇ ಸಲ. ನನ್ನ ಮೂಲೆ ಅವನ ಎಡಹುಬ್ಬಿನ ಮೇಲೆ ಬಡಿಯಿತು, ರಕ್ತ ಬಂತು, ತರಗತಿ ನಕ್ಕಿತು. ಮೈಲಾರಿ ಅಳಲಿಲ್ಲ. ಬಗ್ಗಿ ನನ್ನನ್ನು ಎತ್ತಿಕೊಂಡ, ಪಾಟೀಚೀಲಕ್ಕೆ ಹಾಕಿಕೊಂಡ, ಹೊರಗೆ ನಡೆದ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಒಂದು ಪ್ರಶ್ನೆಗೆ ಒಂದು ಡಸ್ಟರು, ಒಂದು ಡಸ್ಟರಿಗೆ ಒಬ್ಬ ಹುಡುಗನ ಓದು! ಇದು ಯಾವ ಲೆಕ್ಕ ಹೇಳಿ?

ಇಟ್ಟಿಗೆ ಭಟ್ಟಿ, ಟ್ರ್ಯಾಕ್ಟರ್ ಗ್ಯಾರೇಜು ಎಂದು ಅವನು ಎಲ್ಲೆಲ್ಲಿ ದುಡಿದನೋ ಅಲ್ಲೆಲ್ಲ ನಾನು ಅವನ ಚೀಲದ ತಳದಲ್ಲಿದ್ದೆ. ಯಾಕೆ ಇಟ್ಟುಕೊಂಡಿದ್ದೀ ಎಂದು ತಾಯಿ ಕೇಳಿದರೆ, "ಸಾಕ್ಷಿಗೆ" ಎನ್ನುತ್ತಿದ್ದ. ಹೀಗೇ ಹತ್ತು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯವೊಂದರಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಆವರಣದ ರಸ್ತೆಗಳು, ಆಮೇಲೆ ಗಣಿತ ವಿಭಾಗ. ವಿಭಾಗದ ಡಸ್ಟರುಗಳೆಲ್ಲ ಬೋಳಾಗಿದ್ದವು. ಮೈಲಾರಿ ನನ್ನನ್ನು ಹಲಗೆಯ ಕೆಳಗಿನ ಪಟ್ಟಿಯ ಮೇಲಿಟ್ಟು, "ಇಲ್ಲಿ ದುಡೀ ಮಗನ" ಎಂದ.

ಅಲ್ಲೇ ಗಂಗಾ ಹಡಪದಳನ್ನು ನೋಡಿದ್ದು. ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿ. ಹಿಂದಿನ ವರ್ಷ ಕಾಮಾಲೆಯಾಗಿ ಪ್ರಾಜೆಕ್ಟು ತಪ್ಪಿಸಿಕೊಂಡಿದ್ದಳು. ಈ ಸಲ ಮಂಡಿಸಿ ಪಾಸಾಗದಿದ್ದರೆ ಮತ್ತೆ ಅವಕಾಶವಿಲ್ಲ, ಪದವಿಯೇ ಇಲ್ಲ. ಅವಳ ಹತ್ತಿರ ಲ್ಯಾಪ್‌ಟಾಪು ಇರಲಿಲ್ಲ. ಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಹಾಕಿ, ಒಳಗೆ ಗೆರೆ, ಚುಕ್ಕೆ, ಅಂಕಿ ತುಂಬಿ, ಮೇಲೆ 'ಅಳಿಸಬೇಡಿ' ಎಂದು ಬರೆದಿದ್ದಳು. ಒಂದೂವರೆ ತಿಂಗಳು ಮೈಲಾರಿ ಆ ಚೌಕದ ಅಂಚಿಗೆ ನನ್ನನ್ನು ತಾಗಿಸದಂತೆ ಸುತ್ತಲೂ ಒರೆಸಿದ.

ಮಂಡನೆಯ ದಿನ ಬಂತು. ಅಂಕ ಕೊಡಲು, ಈ ಕೋರ್ಸು ಹೇಗೆ ನಡೆದಿದೆ ಎಂದು ವರದಿ ಬರೆಯಲು ಮೈಸೂರಿನ ಕಡೆಯಿಂದ ಪ್ರೊಫೆಸರ್ ವಿಶಾಲಾಕ್ಷಿ ಬರುವವರಿದ್ದರು. ಮುಂಜಾನೆಯೇ ವಿಭಾಗದ ಮುಖ್ಯಸ್ಥ ಇಟಗಿ ಸರ್ ಓಡಿ ಬಂದರು.

"ಮೈಲಾರೀ, ಹಲಗಿ ಕನ್ನಡಿ ಆಗಬೇಕು ನೋಡು."

"ಅಳಿಸಬ್ಯಾಡ್ರಿ ಅಂತ ಬರದಾರಲ್ರೀ ಸರ."

"ನನಗೂ ಓದಾಕ ಬರತೈತಿ. ಅಳಿಸು."

ಮೈಲಾರಿ ಹಲ್ಲು ಕಚ್ಚಿದ. ನಾನು ನುಂಗಿದೆ. ಕಹಿಯಾಗಿತ್ತು.

ಮೊದಲ ನಾಲ್ವರು ಪ್ರೊಜೆಕ್ಟರಿನಲ್ಲಿ ಮಂಡಿಸಿದರು. ನಾಲ್ವರದೂ ಒಂದೇ ನೀಲಿ ಹಿನ್ನೆಲೆ, ಒಂದೇ ವಾಕ್ಯ. ಎಲ್ಲಿಂದಲೋ ಇಳಿಸಿಕೊಂಡದ್ದೆಂದು ನನಗೇ ಗೊತ್ತಾಯಿತು! ನಾಲ್ಕನೆಯವನನ್ನು ವಿಶಾಲಾಕ್ಷಿ ಕೇಳಿದರು: "ಈ ಹೆಜ್ಜೆ ಯಾಕೆ ಬಂತಪ್ಪಾ?"

"ಮೇಡಂ, ಅದು ಮುಂದಿನ ಸ್ಲೈಡಿನಾಗ ಐತ್ರೀ."

ಮುಂದಿನ ಸ್ಲೈಡಿನಲ್ಲಿ ಗುಲಾಬಿ ಹೂವು ಇತ್ತು. ಕೆಳಗೆ 'ಧನ್ಯವಾದಗಳು'.

"ಆ ಪ್ರೊಜೆಕ್ಟರ್ ಆಫ್ ಮಾಡಿ" ಎಂದರು ವಿಶಾಲಾಕ್ಷಿ. "ಇನ್ನು ಎಲ್ರೂ ಬೋರ್ಡ್ ಮೇಲೆ. ಈ ನಾಲ್ಕು ಜನಾನೂ ಮತ್ತೆ ಬರ್ಲಿ. ಯಾಕೆ ಅಂತ ಹೇಳೋಕೆ ಬರದಿದ್ರೆ ಸೊನ್ನೆ. ಒರೆಸೋರು ಇಲ್ಲೇ ಇರಿ."

ಮೈಲಾರಿ ಬಾಗಿಲ ಬಳಿ ನಿಂತ. ಐದನೆಯವಳು ಗಂಗಾ. ಒಳಗೆ ಬಂದವಳೇ ಬರಿಮೂಲೆಯನ್ನು ನೋಡಿ ಬಿಳಿಚಿಕೊಂಡಳು. ಆದರೆ ಸೀಮೆಸುಣ್ಣ ಹಿಡಿದಳು ನೋಡಿ, ನೆನಪಿನಿಂದಲೇ ಇಡೀ ಆವರಣದ ರಸ್ತೆಗಳನ್ನು ಎಳೆದಳು.

"ಯಾವ ರಸ್ತೀನೂ ಎರಡು ಸಲ ನಡೀದ ಎಲ್ಲಾ ರಸ್ತಿ ಮುಗಸಾಕ ಬರತೈತೇನು? ಇದು ನನ್ನ ಪ್ರಶ್ನಿ. ಒಂದು ಕೂಡುರಸ್ತಿಗೆ ಒಂದು ದಾರಿಲೆ ಬಂದ್ರ ಇನ್ನೊಂದು ದಾರಿಲೆ ಹೋಗಬೇಕು. ದಾರಿಗಳು ಜೋಡಿ ಜೋಡಿ ಆಗತಾವ. ಬೆಸ ದಾರಿ ಇದ್ದಲ್ಲೆ ಒಂದು ಒಂಟಿ ಉಳೀತೈತಿ. ಅಂಥ ಜಾಗದಾಗ ಸುರು ಮಾಡಬೇಕು, ಇಲ್ಲಾ ಮುಗಿಸಬೇಕು. ಅದಕ್ಕ ಅಂಥವು ಎರಡಕ್ಕಿಂತ ಹೆಚ್ಚು ಇದ್ರ ಆಗೂದಿಲ್ಲ."

ಗೇಟು, ಗ್ರಂಥಾಲಯ, ನೀರಿನ ಟ್ಯಾಂಕು, ಹಾಸ್ಟೆಲ್ಲು: ನಾಲ್ಕು ಕಡೆ ಸುತ್ತು ಹಾಕಿದಳು. "ಇಲ್ಲೆ ಅಂಥ ಬೆಸ ಜಾಗ ನಾಕ ಅದಾವ. ಅಂದ್ರ ನಮ್ಮ ಆವರಣದಾಗ ಅದು ಸಾಧ್ಯ ಇಲ್ಲ."

ವಿಶಾಲಾಕ್ಷಿ ಮುಂದಕ್ಕೆ ಬಾಗಿದರು. ಮೊದಲ ಸಲ ಯಾರೋ 'ಅದಕ್ಕ' ಎಂದು ಕಾರಣ ಕೊಟ್ಟಿದ್ದರು!

ಅಷ್ಟರಲ್ಲಿ ಬಾಗಿಲ ಕಡೆಯಿಂದ ಫಕ್ಕನೆ ನಗು ಬಂತು.

"ಯಾಕ್ರೀ ನಗ್ತೀರಿ?" ಎಂದರು ವಿಶಾಲಾಕ್ಷಿ.

"ತಪ್ಪಾತ್ರೀ. ಆದ್ರ ನಾ ದಿನಾ ಹಂಗೇ ಗುಡಿಸ್ತೀನ್ರೀ. ಒಂದು ರಸ್ತೀನೂ ಎರಡು ಸಲ ತುಳಿಯೂದಿಲ್ಲ. ಬಿಸಲಾಗ ಸುಮ್ನ ಯಾರು ನಡೀತಾರ್ರೀ?"

ಇಟಗಿ ಸರ್, "ಏ, ಹೊರಗ ನಡಿ!" ಎಂದರು. ಗಂಗಾಳ ಮುಖ ನೋಡಲಾಗಲಿಲ್ಲ. ಆಗದು ಎಂದು ಅವಳು ಸಾಧಿಸಿದ್ದನ್ನು ಅವನು ದಿನಾ ಮಾಡುತ್ತಿದ್ದಾನೆ! ಅವಳ ಮಾತು ಸುಳ್ಳಾದರೆ ಸೊನ್ನೆ, ಸೊನ್ನೆಯಾದರೆ ಎಲ್ಲವೂ ಮುಗಿಯಿತು. ಅವಳು ಅಳಬಹುದಿತ್ತು. ಸಿಟ್ಟಾಗಬಹುದಿತ್ತು, ನಾನು ಕೈಗೆಟುಕುವಲ್ಲೇ ಇದ್ದೆ.

ಅವಳು ಸೀಮೆಸುಣ್ಣವನ್ನು ಅವನ ಕಡೆ ಚಾಚಿದಳು. "ಹೆಂಗ ಹೋಗ್ತೀಯಣ್ಣಾ? ತೋರಸು."

ಮೈಲಾರಿ ಗೇಟಿನಿಂದ ಹೊರಟ. ಗೆರೆ ತಿರುಗಿತು, ಹೊರಳಿತು, ಗ್ರಂಥಾಲಯಕ್ಕೆ ಬಂತು. ಅಲ್ಲಿಂದ ನಕ್ಷೆಯಲ್ಲಿಲ್ಲದ ಕಡೆ ಸರ್ರನೆ ನುಗ್ಗಿ ಟ್ಯಾಂಕು ಸೇರಿತು.

"ತಡಿ! ಅಲ್ಲೆ ರಸ್ತಿ ಇಲ್ಲ!"

"ಐತ್ರೀ ಅಕ್ಕಾರ. ಕ್ಯಾಂಟೀನ್ ಹಿಂದಿನ ಸಂದಿ. ನೀವೂ ಚಹಾಕ್ಕ ಅದ್ರಾಗಿಂದನ ಹೋಗ್ತೀರಿ."

"ನಾ ಆಫೀಸಿನ ನಕ್ಷೆ ನೋಡಿ ಬರದೆ..."

"ನಕ್ಷೆ ಗುಡಸೂದಿಲ್ರೀ. ಸಂದಿ ಗುಡಸ್ತೀನಿ."

ಗಂಗಾ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಚೀರಿಯೇ ಬಿಟ್ಟಳು. "ಅಯ್ಯೋ ಮೇಡಂ! ಗ್ರಂಥಾಲಯಕ್ಕ ಒಂದು ದಾರಿ ಕೂಡ್ತು, ಟ್ಯಾಂಕಿಗೆ ಒಂದು ಕೂಡ್ತು. ಎರಡೂ ಬೆಸ ಹೋಗಿ ಸರಿ ಆದ್ವು! ಉಳದದ್ದು ಎರಡ ಬೆಸ, ಗೇಟು, ಹಾಸ್ಟೆಲ್ಲು. ಅಣ್ಣಾ, ನೀ ಮುಗಿಸೂದು ಹಾಸ್ಟೆಲ್ಲಿನ ಮುಂದ ಹೌದಿಲ್ಲೋ?"

ಮೈಲಾರಿ ಬಾಯಿ ತೆರೆದ. "ನಿಮಗ್ಹೆಂಗ ಗೊತ್ತಾತ್ರೀ?"

"ಬ್ಯಾರೆ ಎಲ್ಲೂ ಮುಗಿಸಾಕ ಬರೂದ ಇಲ್ಲ!"

ವಿಶಾಲಾಕ್ಷಿ ಎದ್ದು ನಿಂತಿದ್ದರು. "ಪ್ರಮೇಯ ಸರಿ, ನಕ್ಷೆ ತಪ್ಪು. ಗಂಗಾ, ನೀವು ಪಾಸು. ವರದೀಲಿ ಈ ಸಂದೀನೂ ಬರೀತೀನಿ." ಮೈಲಾರಿಯ ಕಡೆ ತಿರುಗಿದರು. "ನೀವು ಎಲ್ಲೀವರೆಗೆ ಓದಿದ್ದೀರಿ?"

ಅವನು ನನ್ನನ್ನು ತೋರಿಸಿದ. "ಇದು ಹಣಿಗೆ ಬಡಿಯೂ ತನಕ್ರೀ."

ಯಾರೂ ನಗಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಗಂಗಾ, "ಯಾಕ ಬಡದ್ರು?" ಎಂದು ಕೇಳಿದಳು. ಅವನು ನೆಲ ನೋಡುತ್ತಾ ಹತ್ತು ವರ್ಷದ ಹಳೆಯ ಪ್ರಶ್ನೆಯನ್ನು ಹೇಳಿದ. ಅವಳ ಕೈ ನನ್ನ ಕಡೆ ಬಂತು. ಎತ್ತಿದಳು. ನನ್ನ ನಾಲ್ಕೂ ಮೊಳೆ ಬಿಗಿದವು. ಮೈಲಾರಿ ತಲೆಯನ್ನು ಚೂರು ಹಿಂದೆ ತೆಗೆದ, ನಾನು ಕಂಡೆ.

ಅವಳು ಹಲಗೆಯ ಮೇಲೆ ಒಂದಷ್ಟು ಒರೆಸಿ ಜಾಗ ಮಾಡಿದಳು. "ಕೂಡು. ಚಲೋ ಪ್ರಶ್ನಿ ಅದು. ಸೊನ್ನಿಯಿಂದ ಸುರು ಮಾಡೂಣು."

ಈಗ ನನಗೆ ವಯಸ್ಸಾಗಿದೆ. ಕಂಬಳಿ ಸವೆದು ಮೊಳೆ ಇಣುಕುತ್ತಿದೆ. ಹಲಗೆಗೆ ಗೀರು ಬೀಳುತ್ತದೆಂದು ಕಿಟಕಿಯ ಮೇಲಿಟ್ಟಿದ್ದಾರೆ. ಅಲ್ಲಿಂದ ಕ್ಯಾಂಟೀನ್ ಹಿಂದಿನ ಸಂದಿ ಕಾಣುತ್ತದೆ. ಗಂಗಾ ಅವನಿಗೆ ಕೊಟ್ಟ ಉತ್ತರ ನನಗೆ ಗೊತ್ತು, ಆದರೆ ನಿಮಗೆ ಹೇಳುವುದಿಲ್ಲ. ಎದ್ದು ನಿಂತು ನೀವೇ ಕೇಳಿ. ಯಾರಾದರೂ ಎಸೆದರೆ, ಎಸೆದದ್ದನ್ನು ಎತ್ತಿಕೊಳ್ಳಿ, ಮತ್ತೆ ಕೇಳಿ. ಮೈಲಾರಿ ಹೊರಗೆ ನಡೆದ, ನೀವು ನಡೆಯಬೇಡಿ.