ಗೌಡನ ಮನೆಯ ಬುತ್ತಿ

"ಎಳೀರಿ, ಗಟ್ಟ್ಯಾಗಿ ಕಚ್ಚೈತಿ!" ಎಂದು ಮುದಿಯಪ್ಪ ಹರಿಗೋಲಿನಿಂದ ಕೂಗಿದ. ನಾಲ್ವರು ಹಗ್ಗಕ್ಕೆ ಜೋತುಬಿದ್ದರು. ದಂಡೆಯಲ್ಲಿ ನಿಂತಿದ್ದ ತೋಟಪ್ಪಗೌಡ ನೀರಿನಂಚಿಗೆ ಬಂದ. ಹುಚ್ಚಪ್ಪನ ಹೆಣವೇ ಆಗಿರಲಿ ಎಂದು ಅವನ ಮನಸ್ಸು ಬೇಡಿಕೊಳ್ಳುತ್ತಿತ್ತು.

ಮಲಪ್ರಭೆಯ ಕೆಸರಿನಿಂದ ಪಾತಾಳಗರಡಿ ಮೇಲೆದ್ದಿತು. ಬಾವಿಗೆ ಬಿದ್ದ ಕೊಡ ಎತ್ತುವ ಅದರ ಕೊಂಡಿಗಳಲ್ಲಿ ಸಿಕ್ಕಿದ್ದು ಒಂದು ಜಾಲಿಯ ಕಂಟಿ.

"ತಗೋರಿ ಗೌಡ್ರ, ಹೊಳಿ ನಿಮ್ಮ ಹಿತ್ತಲಕ್ಕ ಬೇಲಿ ಕೊಟ್ಟೈತಿ," ಎಂದ ಮುದಿಯಪ್ಪ. ಯಾರೂ ನಗಲಿಲ್ಲ. ತಾನು ಬೇಡಿಕೊಂಡದ್ದೇನೆಂದು ತೋಟಪ್ಪನಿಗೆ ಆಗ ಅರಿವಾಯಿತು. ಕಿವಿ ಬಿಸಿಯಾದವು.

ಹುಚ್ಚಪ್ಪ ಮೆಣಸಗಿಯ ಅಂಬಿಗ. ಗೌಡನ ಮಗಳ ನಿಶ್ಚಯಕ್ಕೆಂದು ಗಜೇಂದ್ರಗಡದಲ್ಲಿ ನೇಯಿಸಿದ ಸೀರೆಗಳ ಗಂಟನ್ನು ಆಚೆ ದಂಡೆಯ ಬೀಗರಿಗೆ ಮುಟ್ಟಿಸಲು ಹೊರಟವನು ಹರಿಗೋಲಿನ ಸಮೇತ ಕಾಣೆಯಾಗಿದ್ದ. "ನೀರು ಏರಾಕತ್ತೈತ್ರಿ, ನಾಳೆ ಹೋಗ್ತೀನ್ರಿ" ಎಂದು ಅವನು ಹೇಳಿಯೂ ಇದ್ದ. ಚಾವಡಿ ತುಂಬ ಜನ. "ಅಂಬಿಗ ಆಗಿ ನೀರಿಗೆ ಅಂಜ್ತಿ? ನಿನ್ನ ಹೆಂಡ್ತಿ ಹನುಮವ್ವನ ಸೀರಿ ಉಟಗೊಂಡು ಮನ್ಯಾಗ ಕುಂದ್ರು ಹೋಗು" ಎಂದು ಗೌಡ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಹುಚ್ಚಪ್ಪ ಗಂಟು ಎತ್ತಿಕೊಂಡಿದ್ದ.

ಅಂದಿನಿಂದ ಊರಿಗೆ ಊರೇ ಹೊಳೆಗಿಳಿದಿತ್ತು. ಪಕ್ಕದ ಹೊಳೆಮಣ್ಣೂರಿನಿಂದಲೂ ಹರಿಗೋಲುಗಳು ಬಂದಿದ್ದವು. ಹುಡುಕಾಟ ನಡೆದಿರುವಾಗ ಯಾರೂ ಬಿತ್ತಲು ಕೂರಿಗೆ ಹೂಡುವಂತಿರಲಿಲ್ಲ. ಇತ್ತ ಎರೆಹೊಲದ ಹದ ಆರುತ್ತಿತ್ತು. ಬಿತ್ತದಿದ್ದರೂ ಕುಂಪಣಿಯವರು ಕಂದಾಯ ಬಿಡುವವರಲ್ಲ. ಹುಡುಕಾಟ ನಿಲ್ಲಿಸಲು ಒಂದು ರೂಢಿಯಿತ್ತು: ಕಾಣೆಯಾದವನ ಮನೆಯವರು ಮೊಸರನ್ನದ ಬುತ್ತಿಯನ್ನು ತಮ್ಮ ಕೈಯಾರೆ ಹೊಳೆಗೆ ಬಿಡಬೇಕು. ಬಿಟ್ಟರೆ ಅವನು ಸತ್ತಂತೆ. ಹೆಂಡತಿ ಬಳೆ ಒಡೆದುಕೊಳ್ಳಬೇಕು.

"ಇನ್ನೆರಡು ದಿನಾ ಹಿಂಗ ಬಿಸಲು ಬಿದ್ರ ಹೊಲ ಕಲ್ಲಾಗ್ತಾವ್ರಿ," ಎಂದ ಮುದಿಯಪ್ಪ ದಂಡೆಗೆ ಬಂದು, ಮೆಲ್ಲಗೆ. "ಯಾರರ ಸಾಕು ಅನ್ನಬೇಕಲ್ರಿ."

ತೋಟಪ್ಪ ಸಾಕು ಎಂದರೆ ಊರು ರೂಢಿಯನ್ನು ಬದಿಗಿಟ್ಟು ಕೇಳುತ್ತಿತ್ತು. ಆದರೆ ಕಳಿಸಿದವನೂ ತಾನೇ, ಕೈಬಿಟ್ಟವನೂ ತಾನೇ ಎನಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಹೆಂಡತಿಯಿಂದ ಕಟ್ಟಿಸಿಕೊಂಡು ಬಂದಿದ್ದ ಬುತ್ತಿಯನ್ನು ಹೆಗಲ ವಸ್ತ್ರದ ಮರೆಯಲ್ಲಿ ಹಿಡಿದು, ಹುಚ್ಚಪ್ಪನ ಹೆಂಡತಿ ಹನುಮವ್ವ ಕೂತಿದ್ದ ಬಂಡೆಯತ್ತ ನಡೆದ. ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಹನುಮವ್ವಾ, ಮಂದಿ ದಣದಾರ. ನಾ ಇರೂತನಾ ನಿನ್ನ ಕೂಳು-ಅರಿವಿ ನಮ್ಮ ಮನೀದು. ಇದನ್ನ ನೀರಿಗೆ ಬಿಡವ್ವಾ."

ಬುತ್ತಿ ಕಟ್ಟಿದ್ದ ಮುತ್ತಲೆಲೆಯ ಸಂದಿಯಿಂದ ಮೊಸರು ಅವನ ಮುಂಗೈಗೆ ಇಳಿಯುತ್ತಿತ್ತು.

"ಯಾರ ಮನ್ಯಾಗ ಕಟ್ಟಿದ್ದರಿ ಇದು?"

"ನಮ್ಮ ಮನ್ಯಾಗ."

"ಯಾವಾಗ?"

"ಮುಂಜಾನಿ."

"ಹಂಗಾದ್ರ ನಿಮ್ಮ ಅಡಗಿಮನ್ಯಾಗ ಅಂವ ಮುಂಜಾನಿನ ಸತ್ತಾನನ್ರಿ."

ಹಗ್ಗ ಹಿಡಿದವರೆಲ್ಲ ಇತ್ತ ತಿರುಗಿದ್ದರು. ಗೌಡನಿಗೆ ಬುತ್ತಿಯನ್ನು ಹಿಂದೆ ತೆಗೆದುಕೊಳ್ಳಲೂ ಆಗಲಿಲ್ಲ.

"ಹಿಡಿ, ನಮ್ಮವ್ವಾ," ಎಂದು ಅಂಗಲಾಚಿದ.

ಹನುಮವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬಿಡೂದಿದ್ರ ನೀವ ಬಿಡ್ರಿ. ನಾ ಒಲ್ಲೆ."